ಬಸಕ್ಕನ ಖಾನಾವಳಿಯಲ್ಲಿ ಮೆಕ್ಸಿಕೋ ರೊಟ್ಟಿ

ನನ್ನ ಗಂಡನ ಅಣ್ಣ, ನಮ್ಮ ಭಾವ ಮಹೇಶ್ವರಪ್ಪನವರು ಬೆಳಿಗ್ಗೆ ಲಿಂಗಪೂಜೆಗೆ ಕೂತರೆಂದರೆ ಶಿವನಿಗೂ ಕಾಲು ಜೋಮು ಹಿಡಿಯಬೇಕು, ಅಷ್ಟು ಹೊತ್ತು. ಪೂಜೆ ಮುಗಿಸಿ ಎದ್ದ ತಕ್ಷಣ ಅವರು ಮಾಡುತ್ತಿದ್ದ ಮೊದಲ ಪುಣ್ಯಕಾರ್ಯ ನನ್ನ ಖಾನಾವಳಿಯನ್ನು ಬೈಯುವುದು.

ಶಿರಾಳಕೊಪ್ಪದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಅವರ ಮನೆ. ಗಂಡ ತೀರಿಕೊಂಡ ಮೇಲೆ ಆ ಮನೆಯ ಮುಂದಿನ ಪಡಸಾಲೆಯಲ್ಲಿ ನಾನು ಖಾನಾವಳಿ ಶುರುಮಾಡಿದೆ. ಭಾವ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ನನ್ನ ಅಡುಗೆಮನೆಯ ಕಡೆ ಯಾರೂ ಬೆರಳು ತೋರಿಸಬಾರದು. ತೋರಿಸಿದ ದಿನ ಖಾನಾವಳಿಯ ಬಾಗಿಲು ಹಾಕಿ, ಹಿಂದಿನ ಅವರ ಮನೆ ಸೇರಿ, ಅವರಿಗೂ ಅವರ ಆಳುಗಳಿಗೂ ರೊಟ್ಟಿ ಬಡಿಯುತ್ತ ನಾನು ಮೂಲೆಯಲ್ಲಿ ಬಿದ್ದಿರಬೇಕು. ಭಾವನ ಹೆಂಡತಿ ಜಗದಾಂಬಕ್ಕ ಮದುವೆಯಾದಾಗಿನಿಂದ ಅದನ್ನೇ ಮಾಡುತ್ತಿದ್ದಳು. ಆ ಹೊಗೆ ತುಂಬಿದ ಒಳಮನೆಯನ್ನು ನೆನೆದರೆ ನನಗೆ ಉಸಿರು ಕಟ್ಟುತ್ತಿತ್ತು. ಖಾನಾವಳಿಯಲ್ಲೂ ರೊಟ್ಟಿಯನ್ನೇ ಬಡಿಯುತ್ತಿದ್ದೆ, ನಿಜ. ಆದರೆ ಅಲ್ಲಿ ನಾಲಗೆ ನನ್ನದಾಗಿತ್ತು.

ಹೊಸ ಪೈಸೆ ಬಂದ ಮರುವರ್ಷ, ಸಂತೆಯ ಹಿಂದಿನ ದಿನ ಮಧ್ಯಾಹ್ನ, ಸೊರಬ ಕಡೆಯ ಗ್ರಾಮಸೇವಕ ಧರ್ಮಪ್ಪ ಒಬ್ಬ ವಿದೇಶದವನನ್ನು ಕರೆತಂದ. ಬಿಳಿ ದೊರೆ ಬಂದಿದ್ದಾನೆಂದು ಜನ ಓಡಿಬಂದು ನೋಡಿದರೆ ಆತ ನಮ್ಮ ಮೆಣಸಿನಕಾಯಿ ವ್ಯಾಪಾರಿ ವೀರಬಸಪ್ಪನಿಗಿಂತ ಒಂದು ಬಣ್ಣ ಕಪ್ಪು. ಎಲ್ಲರಿಗೂ ಬಹಳ ಬೇಜಾರಾಯಿತು.

"ಇವ್ರು ಕಾರ್ಮೆಲೊ ಅಂತ. ಮೆಕ್ಸಿಕೋ ದೇಶದೋರು, ಗೋವಿನಜೋಳದ ವಿಷಯ ಓದಿದೋರು" ಎಂದ ಧರ್ಮಪ್ಪ. "ಉಳವಿ, ಕುಪ್ಪಗಡ್ಡೆ ಎಲ್ಲ ಸುತ್ತಿ ಬಂದ್ವಿ. ಬೆಳಿಗ್ಗೆಯಿಂದ ಬರೀ ಬಿಸ್ಕತ್ತು. ಒಂದು ಚಮಚ ಸಿಗುತ್ತಾ ಬಸಕ್ಕ?"

"ಸಾರಿನ ಸೌಟು ಐತೆ. ಬಾಯಿಗೆ ಹಿಡಿಸಿದ್ರೆ ತಗಳ್ಳಿ" ಎಂದೆ.

ಆತನಿಗೆ ಚಮಚ ಬೇಕಾಗಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ, ಬಿಸಿ ಜೋಳದ ರೊಟ್ಟಿ ಹರಿದ, ಕಾಳುಪಲ್ಯ ಬಾಚಿದ, ಹಸಿಮೆಣಸಿನಕಾಯಿಯನ್ನು ಸೌತೆಕಾಯಿಯ ಹಾಗೆ ಕಡಿದ. ಕೆಂಪು ಚಟ್ನಿ ಎರಡು ಸಲ ಹಾಕಿಸಿಕೊಂಡ. ಆಮೇಲೆ ನೋಡಿದರೆ ಕಣ್ಣಲ್ಲಿ ನೀರು. ಬಿತ್ತಲ್ಲಪ್ಪ ಹೊಡೆತ ಎಂದುಕೊಂಡು ಮಜ್ಜಿಗೆ ತಂದೆ.

"ಖಾರಕ್ಕಲ್ಲ ಬಸಕ್ಕ" ಎಂದ ಧರ್ಮಪ್ಪ. "ಅವರ ತಾಯಿನೂ ರಸ್ತೆ ಪಕ್ಕ ಇಂಥದೇ ಖಾನಾವಳಿ ನಡೆಸ್ತಿದ್ರಂತೆ. ಅಲ್ಲೂ ಇದೇ. ರೊಟ್ಟಿ, ಕಾಳು, ಮೆಣಸಿನಕಾಯಿ. ದೇಶ ಬಿಟ್ಟ ಮೇಲೆ ಇವತ್ತೇ ಊಟ ಮಾಡಿದ್ದು ಅಂತಿದಾರೆ."

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲೆಲ್ಲ ಉಪವಾಸ ಬಿದ್ದವನಿಗೆ ನನ್ನ ಪಡಸಾಲೆಯಲ್ಲಿ ಅಮ್ಮ ಸಿಕ್ಕಿದ್ದಳು. ಅವನು ಧರ್ಮಪ್ಪನ ಕಿವಿಯಲ್ಲಿ ಏನೋ ಹೇಳಿದ. ನಾಳೆ ನನ್ನ ಒಲೆಯ ಮೇಲೆ ತನ್ನ ತಾಯಿಯ ರೊಟ್ಟಿ ಮಾಡಿ ನನಗೆ ತಿನ್ನಿಸಬೇಕಂತೆ.

ಲಿಂಗವಂತರ ಖಾನಾವಳಿಯ ಒಲೆಯ ಮುಂದೆ ಮೆಕ್ಸಿಕೋದ ಗಂಡಸು! ನನಗೂ ಒಂದು ಕ್ಷಣ ಭಾವನ ಷರತ್ತು ನೆನಪಾಯಿತು. ಆಮೇಲೆ ತಾಯಿಯ ಹೆಸರು ಹೇಳಿಕೊಂಡು ಬಂದವನನ್ನು ಹೇಗೆ ತಳ್ಳಲಿ ಎನಿಸಿ, ಕೈಕಾಲು ತೊಳೆಯಲು ನೀರು ಕೊಟ್ಟು, ಮೂರು ಬೆರಳಲ್ಲಿ ಹಣೆಗೆ ವಿಭೂತಿ ಎಳೆದೆ. ಆತ ರೂಢಿಯಿದ್ದವನಂತೆ ತಲೆ ಬಗ್ಗಿಸಿದ.

"ಅವರ ಗುಡಿಯಲ್ಲೂ ವರ್ಷಕ್ಕೊಂದು ಸಲ ಹಣೆಗೆ ಬೂದಿ ಹಚ್ತಾರಂತೆ" ಎಂದ ಧರ್ಮಪ್ಪ.

"ಪರವಾಗಿಲ್ಲ. ನಮ್ಮೋರಲ್ಲಿ ಕೆಲವರು ಅಷ್ಟೂ ಹಚ್ಚಲ್ಲ."

ಆತ ಚೀಲದಿಂದ ಗೋವಿನಜೋಳ ಸುರಿದು, ಸುಣ್ಣ ಬೇಕೆಂದ. ಎಲೆಅಡಿಕೆಗೆಂದು ಇಟ್ಟಿದ್ದ ಸುಣ್ಣದ ಗಡಿಗೆಯನ್ನೇ ಕೊಟ್ಟೆ. ಸುಣ್ಣದ ನೀರಿನಲ್ಲಿ ಕಾಳು ಬೇಯಿಸಿ ಹಾಗೇ ಮುಚ್ಚಿಟ್ಟು ಹೋದ. ಮರುದಿನ ಬಂದು, ಮತ್ತೆ ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಕಾಳು ತೊಳೆದು ಉಜ್ಜಿದರೆ ಸಿಪ್ಪೆಯೆಲ್ಲ ಬಿಟ್ಟು ಬಂತು. ಸಂತೆಯ ದಿನ ನನ್ನ ಕೈಗೆ ನೆರವಾಗಲು ಬರುತ್ತಿದ್ದ ಜಗದಾಂಬಕ್ಕ ಅದನ್ನು ಒರಳಲ್ಲಿ ಹಾಕಿ ನುಣ್ಣಗೆ ರುಬ್ಬಿಕೊಟ್ಟಳು. ಆತ ಉಂಡೆ ಹಿಡಿದು ಎರಡು ಅಂಗೈ ನಡುವೆ ಪಟಪಟ ತಟ್ಟಿ ಹೆಂಚಿಗೆ ಹಾಕಿದ. ರೊಟ್ಟಿ ಪುಟ್ಟದಾಗಿ, ದುಂಡಗೆ ಉಬ್ಬಿತು.

ಜಗದಾಂಬಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. "ಗಂಡಸರಿಗೂ ಇದು ಬರ್ತದಾ ಬಸಕ್ಕ?"

"ಕೈ ಇದ್ದೋರಿಗೆಲ್ಲ ಬರ್ತದೆ ಅಕ್ಕ. ನಮ್ಮೋರಿಗೆ ಹೇಳಬೇಡ. ಕೈ ಇಲ್ಲ ಅಂದುಬಿಡ್ತಾರೆ."

ಹೊರಗೆ ಪಂಕ್ತಿ ತುಂಬಿತ್ತು. ಎಲ್ಲರ ಎಲೆಗೂ ಒಂದೊಂದು ಮೆಕ್ಸಿಕೋ ರೊಟ್ಟಿ ಬಡಿಸಿದೆ. ವಾಸನೆ ಚೆನ್ನಾಗಿತ್ತು, ಕೈಗಳು ಎಲೆಯತ್ತ ಹೊರಟಿದ್ದವು. ಅಷ್ಟರಲ್ಲಿ ವೀರಬಸಪ್ಪ ಎಲೆಯ ಮುಂದಿನಿಂದ ಎದ್ದು ಅಡುಗೆಮನೆಗೆ ಇಣುಕಿ, ಒಲೆ ಪಕ್ಕದಲ್ಲಿ ಸುಣ್ಣದ ಗಡಿಗೆ ಕಂಡು ಗಂಟಲು ಏರಿಸಿದ. "ದನ ತಿನ್ನೋ ಜೋಳ, ಅದಕ್ಕೆ ಗೋಡೆಗೆ ಬಳಿಯೋ ಸುಣ್ಣ. ನಮ್ಮನ್ನ ಏನಂದ್ಕಂಡಿದೀಯ ಬಸಕ್ಕ?"

"ಊಟ ಆದ್ಮೇಲೆ ಎಲೆಗೆ ಸವರ್ಕಂಡು ಜಗೀತೀರಲ್ಲ, ಅದೇನು ಬೆಣ್ಣೆನಾ? ಅಡಿಕೆ ಜೊತೆ ಹೋದ್ರೆ ಹೊಟ್ಟೆಗೆ, ಜೋಳದ ಜೊತೆ ಹೋದ್ರೆ ಗೋಡೆಗಾ?"

ಕೆಲವರು ನಕ್ಕರು. ಆದರೆ ಯಾರೋ ಪುಣ್ಯಾತ್ಮ ಹಿತ್ತಲಿಂದ ಹೋಗಿ ಭಾವನಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ಭಾವ ಶಲ್ಯ ಕೊಡವುತ್ತ ಬಂದರು. ಒಲೆಯ ಮುಂದೆ ವಿಭೂತಿ ಹಚ್ಚಿಕೊಂಡು, ಕೈತುಂಬ ಹಿಟ್ಟು ಮಾಡಿಕೊಂಡು ಕೂತ ಕಾರ್ಮೆಲೊನನ್ನು ಕಂಡು ಅವರ ಮುಖ ಕೆಂಪು ಚಟ್ನಿಯಾಯಿತು.

"ಯಾವ ದೇಶದೋನು, ಯಾವ ಜಾತಿಯೋನು, ಏನು ತಿನ್ನೋನೋ ನಮ್ಮ ಒಲೆ ಮುಟ್ಟಿದಾನೆ" ಎಂದರು. "ಬೆರಳು ತೋರಿಸಬಾರದು ಅಂದಿದ್ದೆ. ಇಡೀ ಸಂತೆನೇ ತೋರಿಸ್ತಿದೆ. ಇವತ್ತಿಗೆ ಖಾನಾವಳಿ ಮುಗೀತು ಬಸಕ್ಕ." ಆಮೇಲೆ ಪಂಕ್ತಿಯ ಕಡೆ ತಿರುಗಿದರು. "ಇದನ್ನ ತಿಂದೋರು ಯಾರೇ ಆಗ್ಲಿ, ಇನ್ನು ನನ್ನ ಮನೆ ಹೊಸ್ತಿಲು ತುಳಿಯಂಗಿಲ್ಲ."

ಅಲ್ಲಿ ಕೂತವರಲ್ಲಿ ಅರ್ಧ ಜನ ಭಾವನ ಅಂಗಡಿಗೆ ಭತ್ತ ಹಾಕುವವರು. ಎಲೆಯ ಮೇಲಿದ್ದ ಕೈಗಳೆಲ್ಲ ತೊಡೆಯ ಮೇಲೆ ಹೋದವು. ಧರ್ಮಪ್ಪ ಅದನ್ನು ಇಂಗ್ಲಿಷಿನಲ್ಲಿ ಹೇಳುವ ಅಗತ್ಯವೇ ಇರಲಿಲ್ಲ. ಕಾರ್ಮೆಲೊ ಎದ್ದು ಕೈ ತೊಳೆಯತೊಡಗಿದ. ನನ್ನ ಜೋರು ನಾಲಗೆ ಅವತ್ತು ಮೊದಲ ಸಲ ಒಣಗಿತು. ಭಯವಾಯಿತು, ಸುಳ್ಳೇಕೆ ಹೇಳಲಿ. ಆ ಒಳಮನೆಯ ಹೊಗೆ ಆಗಲೇ ಮೂಗಿಗೆ ಬಂದಂತಾಯಿತು.

ಆಗ ಜಗದಾಂಬಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಗೆ ಬಂದಳು. ಪಂಕ್ತಿಯಲ್ಲಿ ವೀರಬಸಪ್ಪ ಬಿಟ್ಟು ಎದ್ದಿದ್ದ ಎಲೆ ಹಾಗೇ ಇತ್ತು. ಅದರ ಮುಂದೆ, ಅಷ್ಟೂ ಗಂಡಸರ ನಡುವೆ ಕೂತಳು. ಪಕ್ಕದವನು ಚೇಳು ಕಂಡವನಂತೆ ಸರಿದ.

ಅವಳು ರೊಟ್ಟಿಗೆ ಕಾಳುಪಲ್ಯ ಹಾಕಿ, ಚಟ್ನಿ ಸವರಿ, ಸುರುಳಿ ಸುತ್ತಿ ಕಚ್ಚಿದಳು. ಅವಳು ಅಗಿಯುವ ಸದ್ದು ಇಡೀ ಪಡಸಾಲೆಗೆ ಕೇಳಿಸುತ್ತಿತ್ತು.

"ಏನಿದು ಜಗದಾಂಬ?" ಎಂದರು ಭಾವ. ದನಿ ಅರ್ಧಕ್ಕೆ ಇಳಿದಿತ್ತು.

ಅವಳು ಬಾಯಲ್ಲಿದ್ದುದನ್ನು ಪೂರ್ತಿ ನುಂಗಿದ ಮೇಲೆ ಹೇಳಿದಳು. "ಊಟ ರೀ. ನಿಮ್ಮ ಮನೆಗೆ ಬಂದ ಮೇಲೆ ಬಿಸಿ ರೊಟ್ಟಿ ತಿಂತಿರೋದು ಇವತ್ತೇ. ಹೊಸ್ತಿಲು ತುಳಿಯಂಗಿಲ್ಲ ಅಂದ್ರಲ್ಲ, ಆಗ್ಲಿ. ನಾನು ಇಲ್ಲೇ ಇರ್ತೀನಿ. ನಿಮಗೆ ಹಸಿವಾದ್ರೆ ಇಲ್ಲಿಗೇ ಬರ್ರಿ."

ಪಂಕ್ತಿಯ ತುದಿಯಲ್ಲಿ ಯಾರೋ ಕಿಸಕ್ಕೆಂದರು. ಒಬ್ಬ ರೊಟ್ಟಿ ಮುರಿದ. ಇನ್ನೊಬ್ಬ ಚಟ್ನಿ ಕೇಳಿದ. ಖಾನಾವಳಿಯ ಬಾಗಿಲಿಗೆ ಬೀಗ ಹಾಕಬೇಕಿದ್ದರೆ ಭಾವ ಈಗ ಹೆಂಡತಿಯನ್ನು ಒಳಗಿಟ್ಟೇ ಹಾಕಬೇಕಿತ್ತು. ಶಲ್ಯ ಕೊಡವಿ ಹೊರಟುಹೋದರು. ಕಾರ್ಮೆಲೊ ಮತ್ತೆ ಒಲೆಯ ಮುಂದೆ ಕೂತು, ಹಿಟ್ಟು ಮುಗಿಯುವವರೆಗೂ ತಟ್ಟಿದ.

ಜಗದಾಂಬಕ್ಕ ಆಡಿದ ಮಾತಿಗೆ ತಪ್ಪಲಿಲ್ಲ. ನನ್ನ ಜೊತೆಗೇ ಉಳಿದಳು, ನನ್ನ ಜೊತೆಗೇ ಉಂಡಳು. ಭಾವ ಕೆಲವು ದಿನ ಬಾಳೆಹಣ್ಣು ತಿಂದುಕೊಂಡು ಪೂಜೆಯ ಹೊತ್ತನ್ನು ಇನ್ನೂ ಉದ್ದ ಮಾಡಿ ನೋಡಿದರು. ಶಿವ ರೊಟ್ಟಿ ಬಡಿಯಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಬಂದು, ಯಾರ ಮುಖವನ್ನೂ ನೋಡದೆ, ಪಂಕ್ತಿಯ ಕೊನೆಯಲ್ಲಿ ಕೂತರು. ಊಟಕ್ಕೆ ಕೂತಿದ್ದ ನಾನು ಬಡಿಸಲು ಏಳಹೋದೆ. ಜಗದಾಂಬಕ್ಕ ನನ್ನ ಮೊಣಕೈ ಹಿಡಿದು ಕೂರಿಸಿದಳು. ತನ್ನ ಊಟ ಮುಗಿಸಿದಳು, ನಿಧಾನವಾಗಿ ಎದ್ದು ಕೈ ತೊಳೆದಳು, ಆಮೇಲೆ ಅವರ ಎಲೆಗೆ ರೊಟ್ಟಿ ಹಾಕಿದಳು. ಅಷ್ಟು ಹೊತ್ತಿಗೆ ಅದು ಆರಿ ತಣ್ಣಗಾಗಿತ್ತು. ಭಾವ ಅದನ್ನೇ ಮುರಿದು ತಿಂದರು.