ಕೈ ಅಡ್ಡವಿಲ್ಲದ ಚಿತ್ರ

“ಇದ್ರಲ್ಲೂ ಕೈ ಅಡ್ಡ ಇದೆಯಲ್ಲಮ್ಮ,” ಎಂದು ಫೋಟೋ ಸ್ಟುಡಿಯೋದವನು ಫೋನನ್ನು ಕೌಂಟರಿನ ಮೇಲೆ ತಿರುಗಿಸಿಟ್ಟ. “ಕಣ್ಣು ಚೆನ್ನಾಗಿದೆ, ಹಣೆ ಚೆನ್ನಾಗಿದೆ. ಬಾಯೇ ಇಲ್ಲ. ಕೈ ಮಾತ್ರ ಎಷ್ಟು ಸ್ಪಷ್ಟವಾಗಿ ಬಂದಿದೆ ನೋಡಿ. ಥೇಟು ನಿಮ್ಮ ಕೈ.”

ಮಗಳು ಫೋನು ತೆಗೆದುಕೊಂಡು ಇನ್ನೂ ಹಳೆಯ ಚಿತ್ರಗಳಿಗೆ ಹೋದಳು. ಸಮುದ್ರದ ದಡದಲ್ಲಿ ಅಮ್ಮ, ಬಾಯಿಗೆ ಕೈ ಅಡ್ಡ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಅಮ್ಮ, ಬಾಯಿಗೆ ಕೈ ಅಡ್ಡ. ಯಾರಾದರೂ ಕ್ಯಾಮೆರಾ ಎತ್ತಿದರೆ ಸಾಕು, ಅಮ್ಮನಿಗೆ ನಗು ಉಕ್ಕಿ ಬರುತ್ತಿತ್ತು. ನಗು ಬಂದರೆ ಬಲಗೈ ತಾನಾಗಿಯೇ ಮೇಲೆ ಹೋಗುತ್ತಿತ್ತು. ಮುಂದಿನ ಹಲ್ಲುಗಳಲ್ಲಿ ಒಂದು ಇನ್ನೊಂದರ ಹೆಗಲ ಮೇಲೆ ಹತ್ತಿ ಕೂತಿತ್ತಲ್ಲ, ಅದಕ್ಕೆ.

ತಮಾಷೆಯೆಂದರೆ, ಅಲುಗಾಡದೆ ಕೂರುವುದೇ ಅಮ್ಮನ ಕಸುಬು. ಚಿತ್ರಕಲಾ ಕಾಲೇಜಿನಲ್ಲಿ ಅವಳು ಮಾಡೆಲ್ ಆಗಿದ್ದಳು. ಮರದ ವೇದಿಕೆಯ ಮೇಲೆ ಕುರ್ಚಿ ಹಾಕಿ, ಮೈಮೇಲೊಂದು ಬಟ್ಟೆ ಹೊದಿಸಿ ಕೂರಿಸಿದರೆ ಮೂಗಿನ ಮೇಲೆ ನೊಣ ಕೂತರೂ ಅವಳು ಮಿಸುಕುತ್ತಿರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂರಬಲ್ಲವಳಿಗೆ ಫೋಟೋದ ಒಂದು ಕ್ಷಣವನ್ನು ಮಾತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ನಿನ್ನೆ ಅವಳು ತೀರಿಕೊಂಡದ್ದೂ ಹಾಗೆಯೇ. ಬಸ್ ನಿಲ್ದಾಣದ ಬೆಂಚಿನ ಮೇಲೆ, ಮಡಿಲಲ್ಲಿ ಚೀಲ ಇಟ್ಟುಕೊಂಡು. ದಿನಾ ಕಾಣುವ ಕಂಡಕ್ಟರು ಕೈ ಬೀಸಿ ಕರೆದನಂತೆ. ಹೀಗೆ ಅಲುಗದೆ ಕೂರುವುದು ಅಮ್ಮನ ಅಭ್ಯಾಸ, ಮುಂದಿನ ಬಸ್ಸಿಗೆ ಬರುತ್ತಾರೆ ಅಂದುಕೊಂಡು ಸೀಟಿ ಊದಿ ಹೋದನಂತೆ. ವಾಪಸು ಬರುವಾಗಲೂ ಅವಳು ಅಲ್ಲೇ, ಹಾಗೇ ಇದ್ದಳು. ಆಗ ಅವನು ಬಸ್ಸಿನಿಂದ ಇಳಿದ.

“ಇದೊಂದು ಇದೆಯಲ್ಲ,” ಎಂದು ಪಕ್ಕದಲ್ಲಿ ನಿಂತಿದ್ದ ಮಾವ ಕಾಲೇಜಿನ ಗುರುತಿನ ಚೀಟಿ ಮುಂದೆ ಮಾಡಿದರು. ಮಾವ ಅಮ್ಮನ ಅಣ್ಣ, ಬಡಗಿ, ಒಂದು ಸಲ ಅಳತೆ ಹಾಕಿದರೆ ಮತ್ತೆ ನೋಡದವರು. “ಇದನ್ನೇ ದೊಡ್ಡದು ಮಾಡ್ಸು. ಮಧ್ಯಾಹ್ನ ಜನ ಬರ್ತಾರೆ. ನಾಲ್ಕಕ್ಕೆ ಸೊಟ್ಟೀನ ಎತ್ತಬೇಕು.”

ಆ ಹಲ್ಲಿನ ದೆಸೆಯಿಂದ ಅಮ್ಮ ಚಿಕ್ಕಂದಿನಿಂದ ಮಾವನ ಬಾಯಲ್ಲಿ ಸೊಟ್ಟಿ. ಮುದುಕಿಯಾಗುತ್ತ ಬಂದರೂ ಸೊಟ್ಟಿ.

ಗುರುತಿನ ಚೀಟಿಯಲ್ಲಿ ಕೈ ಅಡ್ಡವಿರಲಿಲ್ಲ ನಿಜ. ನಗು ತಡೆಯಲು ತುಟಿ ಬಿಗಿಹಿಡಿದು, ಕಣ್ಣುಗುಡ್ಡೆ ಹೊರಬರುವಂತೆ ಕೂತಿದ್ದಳು.

“ಇದು ಅಮ್ಮ ಅಲ್ಲ ಮಾವ. ಏನೋ ಕದ್ದು ಸಿಕ್ಕಿಬಿದ್ದವಳ ಥರ ಇದ್ದಾಳೆ.”

“ಇರ್ಲಿ ಬಿಡೇ. ಗಂಡಿನ ಕಡೆಯವರಿಗೆ ತೋರಿಸೋಕೆ ಹೊರಟಿದ್ದೀವಾ?”

“ಆಸ್ಪತ್ರೆಯವರೂ ಬಾಯಿ ಬಿಗಿದು ಕಟ್ಟಿ ಕಳಿಸಿದ್ದಾರೆ. ಮನೇಲಿ ಮಲಗಿರೋ ಮುಖ ನೋಡಿದ್ರೂ ಅದೇ, ಫೋಟೋ ನೋಡಿದ್ರೂ ಅದೇ. ಅಮ್ಮನ ಮುಖ ಇಲ್ದೆ ಅಮ್ಮನ್ನ ನಾನು ಕಳಿಸಲ್ಲ.”

ಮಾವ ಚೀಟಿಯನ್ನು ಜೇಬಿಗೆ ಹಾಕಿಕೊಂಡರು. ಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಕಲಿಸುವವರ ಕಾಲಡಿಗೂ ಒಂದು ಬ್ರೇಕು ಇರುತ್ತದೆ, ಅದನ್ನು ಅವಳು ಒತ್ತಿದಳೆಂದರೆ ಸ್ಟೀರಿಂಗ್ ಯಾರ ಕೈಯಲ್ಲಿದ್ದರೂ ಗಾಡಿ ನಿಲ್ಲಲೇಬೇಕು. ಆ ಸ್ವಭಾವ ಮನೆಯವರಿಗೆಲ್ಲ ಗೊತ್ತಿತ್ತು.

*

ಹೋದ ತಿಂಗಳ ಒಂದು ಸಂಜೆ. ಅಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಮಗಳು ಎಡಮಂಡಿಗೆ ಮುಲಾಮು ತಿಕ್ಕುತ್ತಿದ್ದಳು.

“ಈ ವರ್ಷ ಏನಮ್ಮ ನೀನು? ಮೀನು ಮಾರೋಳಾ, ಮಹಾರಾಣಿಯಾ?”

“ಸಾವೇ ಇಲ್ಲದವಳು ಕಣೇ. ಅದೇನೋ ಗಾಥಿಕ್ ಅಂತೆ, ಪಾಳು ಅರಮನೆ, ಪಿಶಾಚಿ ಕಥೆ ಥರದ್ದು. ಕರೀ ನಿಲುವಂಗಿ ಹಾಕ್ಸಿ ಕೂರಿಸ್ತಾರೆ. ಒಬ್ಬ ನನ್ನನ್ನ ರಕ್ತ ಕುಡಿಯೋ ರಾಣಿ ಮಾಡಿದ್ದಾನೆ. ಇನ್ನೊಬ್ಬಳು ಬಾವಲಿ ರೆಕ್ಕೆ ಕೊಟ್ಟು ಗೋಪುರದ ಕಿಟಕಿಯಿಂದ ಹಾರಿಸಿಬಿಟ್ಟಿದ್ದಾಳೆ.”

“ಎಲ್ಲಿಗೆ ಹಾರ್ತೀಯಂತೆ?”

“ಅದು ಅವರಿಗೂ ಗೊತ್ತಿಲ್ಲ. ಇಲ್ಲಿಂದ ತಪ್ಪಿಸ್ಕೊಂಡ್ರೆ ಸಾಕು ಅಂತಾರೆ, ಪಾಪದವು. ಚಂದ್ರನ ಹತ್ರ, ಕನ್ನಡಿ ಒಳಗೆ, ಕಾಡಿಗೆ, ಎಲ್ಲಾ ಕಡೆ ಕಳಿಸಿದ್ದಾರೆ ನನ್ನ. ಮನೆಗೆ ಮಾತ್ರ ಯಾರೂ ಕಳಿಸಲ್ಲ. ಅದಕ್ಕೆ ನಾನೇ ಬಸ್ಸು ಹತ್ತಿ ಬರಬೇಕು.” ಅಮ್ಮ ಮಂಡಿ ಮಡಿಸಲು ಹೋಗಿ ಮುಖ ಕಿವುಚಿದಳು. “ನನಗೆ ಸಾವಿಲ್ಲ ಅಂದ್ರೆ ಈ ಮಂಡಿನೋವಿಗೂ ಸಾವಿಲ್ಲ ಅಂತಾಯ್ತಲ್ಲ. ಅದನ್ನ ಯಾರೂ ಯೋಚನೆ ಮಾಡಿಲ್ಲ.”

ಹೇಳಿ ನಕ್ಕಳು. ಮನೆಯೊಳಗೆ, ಮಗಳೊಬ್ಬಳೇ ಇದ್ದಾಗ, ಆ ಕೈ ಮೇಲೆ ಹೋಗುತ್ತಿರಲಿಲ್ಲ.

*

ಸ್ಟುಡಿಯೋದಿಂದ ಮಗಳು ನೇರ ಅಮ್ಮನ ಕಾಲೇಜಿಗೆ ಹೋದಳು. ಅಲ್ಲಿನ ಉದ್ದನೆಯ ಹಾಲ್‌ನಲ್ಲಿ ಗೋಡೆ ತುಂಬ ಅಮ್ಮ ಇದ್ದಳು. ಮರುದಿನದ ಪರೀಕ್ಷೆಗೆಂದು ಕೊನೆಯ ವರ್ಷದವರ ಚಿತ್ರಗಳನ್ನೆಲ್ಲ ತೂಗುಹಾಕಿದ್ದರು. ಪಾಳುಬಿದ್ದ ಅರಮನೆಯ ಮೆಟ್ಟಿಲ ಮೇಲೆ ಅಮ್ಮ, ಮುಳ್ಳಿನ ಕಿರೀಟ ತೊಟ್ಟ ಅಮ್ಮ, ಗೋರಿಯ ಕಲ್ಲು ಸರಿಸಿ ಎದ್ದು ಬರುತ್ತಿರುವ ಅಮ್ಮ. ಮಗಳು ಒಂದೊಂದರ ಮುಂದೆಯೂ ನಿಂತು ನೋಡಿದಳು. ಮಕ್ಕಳು ಪ್ರೀತಿಯಿಂದಲೇ ಬರೆದಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲರೂ ಸೇರಿ ಅಮ್ಮನಿಗೆ ವಯಸ್ಸು ಇಳಿಸಿ, ಮಂಡಿನೋವು ವಾಸಿಮಾಡಿ, ಹಲ್ಲು ನೆಟ್ಟಗೆ ಮಾಡಿ, ಅದು ಸಾಲದೆಂದು ಎರಡು ಕೋರೆಹಲ್ಲನ್ನೂ ಇಟ್ಟಿದ್ದರು. ಸಾಯದ ಹೆಂಗಸು ಯಾರೋ ಇದ್ದಳು. ಸತ್ತುಹೋದ ಅಮ್ಮ ಯಾವುದರಲ್ಲೂ ಇರಲಿಲ್ಲ.

ಕೋಣೆಯ ನಡುವೆ ವೇದಿಕೆ, ಅದರ ಮೇಲೆ ಖಾಲಿ ಕುರ್ಚಿ. ಕುರ್ಚಿಯ ಮುಂದೆ ಹಲಗೆಯ ಮೇಲೆ ಚಾಕ್‌ಪೀಸಿನಿಂದ ಎರಡು ಪಾದದ ಗೆರೆ ಎಳೆದಿತ್ತು. ಟೀಗೆ ಎದ್ದು ಹೋದ ಮಾಡೆಲ್ ಬಂದು ಮತ್ತೆ ಅದೇ ಜಾಗದಲ್ಲಿ ಕಾಲಿಡಲೆಂದು ಹೀಗೆ ಗುರುತು ಮಾಡುತ್ತಾರೆ. ಎಡಪಾದ ಸ್ವಲ್ಪ ಹೊರಗೆ ತಿರುಗಿತ್ತು, ಆ ಮಂಡಿಯ ಕಾರಣ. ಮುಖ ಹುಡುಕಿಕೊಂಡು ಬಂದವಳಿಗೆ ಮೊದಲು ಸಿಕ್ಕಿದ್ದು ಪಾದ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಅವಳಿಗೆ ಅಲ್ಲಿ ಬಂತು.

ಅಳು ನಿಂತ ಮೇಲೆ ಪಕ್ಕದಲ್ಲಿ ಯಾರೋ ನೀರಿನ ಬಾಟಲಿ ಹಿಡಿದು ನಿಂತಿದ್ದು ಕಂಡಿತು. ಕರೀ ಬಟ್ಟೆ, ದುಂಡು ಕನ್ನಡಕ. ಅಮ್ಮ ಮುದ್ದಿನಿಂದ ಗೂಬೆಮರಿ ಎನ್ನುತ್ತಿದ್ದ ವಿದ್ಯಾರ್ಥಿನಿ ಇವಳೇ ಇರಬೇಕು. ದಿನವೂ ಕರಿಯದನ್ನೇ ಹಾಕುವ ಹುಡುಗಿ, ಇವತ್ತಿನ ದುಃಖಕ್ಕೆಂದು ಬೇರೆ ಹಾಕಿಕೊಳ್ಳಲು ಅವಳ ಬಳಿ ಏನೂ ಉಳಿದಿರಲಿಲ್ಲ.

“ಅಕ್ಕಾ, ಯಾವುದಾದ್ರೂ ಒಂದು ತಗೊಂಡು ಹೋಗ್ತೀರಾ?”

“ಅಮ್ಮ ಇರೋದು ಬೇಕು. ಇವೆಲ್ಲ ನಿಮ್ಮ ರಾಣಿಯರು.”

ಹುಡುಗಿ ಬಾಟಲಿಯನ್ನು ಅವಳ ಕೈಗೆ ಕೊಟ್ಟಳು. ಆಮೇಲೆ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ ಒರಗಿಸಿದ್ದ ಒಂದು ದೊಡ್ಡ ಚಿತ್ರವನ್ನು ಎರಡೂ ಕೈಯಿಂದ ತಿರುಗಿಸಿದಳು.

ಅದರಲ್ಲೂ ಪಾಳು ಅರಮನೆ ಇತ್ತು. ಬಾವಲಿಗಳಿದ್ದವು, ಕರೀ ನಿಲುವಂಗಿ ಇತ್ತು. ನಡುವೆ ಸಿಂಹಾಸನದ ಮೇಲೆ ಅಮ್ಮ, ಕತ್ತು ಹಿಂದಕ್ಕೆ ಬಾಗಿಸಿ, ಕಣ್ಣಂಚಿನ ಸುಕ್ಕೆಲ್ಲ ಒಟ್ಟಾಗಿ, ಬಾಯಿ ತುಂಬ ನಗುತ್ತಿದ್ದಳು. ಕೋರೆಹಲ್ಲಿರಲಿಲ್ಲ. ಒಂದರ ಹೆಗಲ ಮೇಲೆ ಇನ್ನೊಂದು ಹತ್ತಿ ಕೂತ ಆ ಹಲ್ಲಿತ್ತು. ಬಲಗೈ ಇರಬೇಕಾದಲ್ಲಿ, ಮಡಿಲಿನ ಮೇಲೆ, ಬಣ್ಣ ಮುಟ್ಟದ ಕ್ಯಾನ್ವಾಸಿನ ಬಿಳೀ ಬಟ್ಟೆ ಹಾಗೇ ಉಳಿದಿತ್ತು.

“ಇದೇ,” ಎಂದಳು ಮಗಳು.

ಹಿಂದಿನಿಂದ ಮೇಷ್ಟ್ರು ಬಂದರು. ನಿನ್ನೆಯಿಂದ ನಿದ್ದೆ ಮಾಡಿದವರ ಹಾಗೆ ಕಾಣಲಿಲ್ಲ. “ಅದು ಮುಗಿದಿಲ್ಲ. ಸಾವಿಲ್ಲದವಳು ಹೀಗೆ ನಗಬಾರದು ಅಂತ ನಾನೇ ಹೇಳಿದ್ದೆ. ನೋಡಿದವರಿಗೆ ಭಯ ಆಗ್ಬೇಕು. ಅಲ್ಲದೆ ನಾಳೆ ಬೆಳಿಗ್ಗೆ ಪರೀಕ್ಷಕರು ಬರ್ತಾರೆ. ಇವತ್ತು ಯಾವ ಚಿತ್ರಾನೂ ಹೊರಗೆ ಹೋಗೋ ಹಾಗಿಲ್ಲ.”

“ಸಂಜೆ ಆರಕ್ಕೆ ತಂದು ಇದೇ ಜಾಗದಲ್ಲಿ ಇಡ್ತೀನಿ ಸಾರ್.”

“ತಂದರೂ ಮುಗಿಯೋದು ಹೇಗಮ್ಮ? ಆ ಕೈಗೆ ಅವರೇ ಕೂರಬೇಕಿತ್ತು.”

“ಅದನ್ನ ಸಂಜೆ ನೋಡೋಣ. ಈಗ ದಾರಿ ಬಿಡಿ.”

ಮೇಷ್ಟ್ರು ಅವಳನ್ನೊಮ್ಮೆ, ಖಾಲಿ ಕುರ್ಚಿಯನ್ನೊಮ್ಮೆ ನೋಡಿದರು. “ಇಷ್ಟು ವರ್ಷ ನಿಮ್ಮ ತಾಯಿ ನಾನು ಹೇಳಿದ ಹಾಗೆ ಕೇಳಿದ್ರು,” ಎಂದು ಪಕ್ಕಕ್ಕೆ ಸರಿದರು. “ಒಂದು ದಿನ ನಾನು ಕೇಳ್ತೀನಿ. ಹುಷಾರು, ಬಣ್ಣ ಅಲ್ಲಲ್ಲಿ ಹಸಿ ಇದೆ.”

ಡ್ರೈವಿಂಗ್ ಸ್ಕೂಲಿನ ಕಾರಿನ ಹಿಂದಿನ ಸೀಟಿನಲ್ಲಿ ಚಿತ್ರ ಕೂತಿತು. ಪಕ್ಕದಲ್ಲಿ ಗೂಬೆ ಅದರ ಅಂಚು ಹಿಡಿದು ಕೂತಳು. ಕನ್ನಡಿಯಲ್ಲಿ ಅಮ್ಮನ ನಗು ಕಾಣುತ್ತಿತ್ತು.

“ಈ ನಗು ನಿನಗೆ ಎಲ್ಲಿ ಸಿಕ್ತು? ಹೊರಗೆ ಯಾರ ಮುಂದೆಯೂ ಕೈ ಇಳಿಸಿದವಳಲ್ಲ.”

ಗೂಬೆ ಹೇಳಿದಳು.

*

ಟೀ ಹೊತ್ತಿನಲ್ಲಿ ಉಳಿದವರೆಲ್ಲ ಕ್ಯಾಂಟೀನಿಗೆ ಹೋದರೆ ಗೂಬೆ ಹೋಗುತ್ತಿರಲಿಲ್ಲ. ಅಮ್ಮನೂ ಮಂಡಿಯ ನೆಪದಲ್ಲಿ ವೇದಿಕೆಯ ಅಂಚಿನಲ್ಲೇ ಕೂತು ಫ್ಲಾಸ್ಕಿನ ಟೀಯನ್ನು ಇಬ್ಬರಿಗೂ ಹಂಚುತ್ತಿದ್ದಳು.

“ಆಂಟಿ, ನಿಮಗೆ ನಿಜವಾಗ್ಲೂ ಸಾವಿಲ್ಲ ಅಂತಿಟ್ಕೊಳ್ಳಿ. ಏನು ಮಾಡ್ತೀರಾ?”

“ಕೂತಿರ್ತೀನಿ. ಮೊದಲು ಈ ಮೇಷ್ಟ್ರು ಹೋಗ್ತಾರೆ, ಆಮೇಲೆ ನೀನು. ನಿನ್ನ ಮೊಮ್ಮಗಳು ಬಂದು, ಅಜ್ಜಿ ಸ್ವಲ್ಪ ಗಲ್ಲ ಎತ್ತಿ ಅಂತಾಳೆ. ಸಂಬಳ ಮಾತ್ರ ಇಷ್ಟೇ ಇರುತ್ತೆ.”

ಹೇಳಿದ್ದಕ್ಕೆ ಅವಳಿಗೇ ನಗು ಬಂತು, ಕೈ ಬಾಯಿಗೆ ಹೋಯಿತು.

“ಕೈ ತೆಗೀರಿ ಆಂಟಿ. ನಂಗೆ ಅದೇ ಬೇಕು.”

“ಈ ಹಲ್ಲಾ? ಹುಚ್ಚೀ. ನಮ್ಮಣ್ಣ ಸೊಟ್ಟಿ ಅಂತ ಕೂಗಿ ಕೂಗಿ ಈ ಕೈಗೆ ಅಭ್ಯಾಸ ಆಗಿಬಿಟ್ಟಿದೆ. ನಾನು ಹೇಳಿದ್ರೂ ಕೇಳಲ್ಲ ಇದು.”

ಗೂಬೆ ತನ್ನ ಟೀ ಲೋಟವನ್ನು ಅಮ್ಮನ ಬಲಗೈಗೆ ಕೊಟ್ಟಳು. ಎಡಗೈಯಲ್ಲಿ ಅವಳದೇ ಲೋಟವಿತ್ತು. ಈಗ ಎರಡು ಕೈಯೂ ತುಂಬಿತ್ತು, ಎರಡೂ ಬಿಸಿ. ಅಮ್ಮ ಒಂದು ಲೋಟ ನೋಡಿದಳು, ಇನ್ನೊಂದು ನೋಡಿದಳು, ಸಿಕ್ಕಿಬಿದ್ದದ್ದು ಗೊತ್ತಾಯಿತು. ಆಗ ನಕ್ಕಳು.

“ಮುಖ ಆವತ್ತೇ ಬರೆದೆ ಅಕ್ಕಾ,” ಎಂದಳು ಗೂಬೆ, ಹಿಂದಿನ ಸೀಟಿನಿಂದ. “ಕೈ ಆಮೇಲೆ ಬರೆಯೋಣ, ಸೋಮವಾರ ಕೂರ್ತೀನಿ ಅಂದ್ರು. ಸೋಮವಾರ ಬಸ್ಸೇ ಹತ್ತಲಿಲ್ಲ.”

*

ಚಿತ್ರ ಮನೆಯ ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತು. ಓರೆ ಮಾಡಿ ಒಳಗೆ ತಂದಾಗ ಮುಂಗೋಣೆಯಲ್ಲಿ ಕೂತಿದ್ದವರೆಲ್ಲ ಸರಿದು ಜಾಗ ಬಿಟ್ಟರು. ಮಾವ ಎದ್ದು ಬಂದರು.

“ಏನಿದು? ಬಾವಲಿ, ಪಾಳು ಅರಮನೆ. ಹೆಣದ ಪಕ್ಕ ಪಿಶಾಚಿ ಇಡ್ತಾರೇನೇ ಯಾರಾದ್ರೂ?”

“ನಾನು ಇಡ್ತೀನಿ.”

“ಜನ ಏನಂತಾರೆ?”

“ಅನ್ನಲಿ ಮಾವ. ಆ ಸ್ಟೂಲ್ ಇತ್ತ ಕೊಡಿ.”

ಮಾವ ಸ್ಟೂಲ್ ಕೊಡಲಿಲ್ಲ. ಪಕ್ಕದ ಮನೆಯ ಟೈಲರಮ್ಮ ಕೊಟ್ಟಳು. ಅಮ್ಮನ ತಲೆಯ ಬಳಿ ಚಿತ್ರ ನಿಂತಿತು. ಕೆಳಗೆ ಬಾಯಿ ಬಿಗಿದ ಮುಖ, ಮೇಲೆ ಬಾಯಿ ತುಂಬ ನಗುವ ಮುಖ. ಯಾರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮಗಳು ಚಿತ್ರದ ಪಕ್ಕ ಗಟ್ಟಿಯಾಗಿ ನಿಂತಳು, ತೆಗೆಯುವವರು ಬರಲಿ ನೋಡೋಣ ಎನ್ನುವ ಹಾಗೆ.

ಟೈಲರಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಂದಳು. “ಅಲ್ಲಾ, ಇಷ್ಟು ವರ್ಷ ಗೋಡೆಗೆ ಗೋಡೆ ಅಂಟಿಸ್ಕೊಂಡು ಇದ್ವಿ,” ಎಂದಳು. “ಇವಳು ನಗೋದನ್ನ ಕೇಳಿದ್ದೆ. ನೋಡಿದ್ದು ಇವತ್ತೇ.” ಹೇಳಿ ನಕ್ಕಳು. ನಗುತ್ತಲೇ ಸೆರಗು ಕಣ್ಣಿಗೆ ಒತ್ತಿಕೊಂಡಳು. ಬಾಗಿಲ ಬಳಿ ನಿಂತಿದ್ದ ಕಂಡಕ್ಟರು ಟೋಪಿ ತೆಗೆದು ಒಳಗೆ ಬಂದ.

ಮಾವ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದರು. ಆ ಹಲ್ಲನ್ನೇ ನೋಡುತ್ತಿದ್ದರು ಎಂಬುದು ಮಗಳಿಗೆ ಕಂಡಿತು. ಆಮೇಲೆ ಒಳಗೆ ಹೋಗಿ ಕೆಲಸದ ಚೀಲ ತಂದರು. ಮಟ್ಟ ನೋಡುವ ಗಾಜಿನ ಗುಳ್ಳೆಯ ಪಟ್ಟಿಯನ್ನು ಚಿತ್ರದ ಮೇಲಂಚಿಗೆ ಇಟ್ಟು ನೋಡಿದರು.

“ಎಡಗಡೆ ಇಳಿದಿದೆ,” ಎಂದು ರಟ್ಟಿನ ಚೂರು ಮಡಚಿ ಕೆಳಗೆ ಸಿಕ್ಕಿಸಿದರು. ಗುಳ್ಳೆ ನಡುವಿಗೆ ಬರುವವರೆಗೂ ಸಿಕ್ಕಿಸಿದರು. ಆಮೇಲೆ ಬಂದವರು ಯಾರಿದು ಎಂದು ಕೇಳಿದಾಗಲೆಲ್ಲ ಅವರೇ ಮುಂದೆ ಬಂದು, “ನನ್ನ ತಂಗಿ,” ಎಂದರು. ಸೊಟ್ಟಿ ಎಂಬ ಮಾತು ಆ ದಿನ ಮತ್ತೆ ಅವರ ಬಾಯಿಂದ ಬರಲಿಲ್ಲ.

ನಾಲ್ಕಕ್ಕೆ ಎತ್ತಿದರು. ಮಣ್ಣಿನ ಕೆಲಸ ಬೇಗ ಮುಗಿಯಿತು. ಮಗಳು ಹೆಗಲ ಮೇಲಿನ ಧೂಳನ್ನೂ ಕೊಡವದೆ, ಚಿತ್ರವನ್ನೂ ಗೂಬೆಯನ್ನೂ ಕಾರಿಗೆ ಹತ್ತಿಸಿದಳು.

“ಇವತ್ತೇ ಹೋಗ್ಬೇಕೇನೇ?” ಎಂದರು ಮಾವ.

“ಮಾತು ಕೊಟ್ಟಿದ್ದೀನಿ. ಆಮೇಲೆ ಅಮ್ಮನ್ನ ಕೈ ಇಲ್ದೆ ಬಿಡೋಕಾಗುತ್ತಾ?”

ಹಾಲ್‌ನಲ್ಲಿ ದೀಪ ಹಾಕಿದ್ದರು. ಕಾಯುತ್ತಿದ್ದ ಮೇಷ್ಟ್ರು ಚಿತ್ರವನ್ನು ಇಳಿಸಿಕೊಂಡು ಸ್ಟ್ಯಾಂಡಿಗೆ ಇಟ್ಟರು. ಮಗಳು ಚಪ್ಪಲಿ ಬಿಟ್ಟು ವೇದಿಕೆ ಹತ್ತಿದಳು. ಕುರ್ಚಿಯ ಮೇಲೆ ಮಡಿಸಿಟ್ಟಿದ್ದ ಕರೀ ನಿಲುವಂಗಿಗೆ ಮುಲಾಮಿನ ವಾಸನೆ ಇತ್ತು. ಅದನ್ನು ಹೊದ್ದು ಕೂತು, ಚಾಕ್‌ಪೀಸಿನ ಗೆರೆಯೊಳಗೆ ಬಲಗಾಲು ಇಟ್ಟಳು. ಎಡಗಾಲನ್ನು ಸ್ವಲ್ಪ ಹೊರಗೆ ತಿರುಗಿಸಿ ಇಟ್ಟಳು. ಸರಿಹೋಯಿತು.

“ಬಲಗೈ ಮಡಿಲಲ್ಲಿ ಅಕ್ಕಾ. ಸಡಿಲ ಬಿಡಿ. ಇನ್ನು ಅಲುಗಬೇಡಿ.”

ಎದುರಿಗೆ ಸ್ಟ್ಯಾಂಡಿನ ಮೇಲೆ ಅಮ್ಮ ಅವಳನ್ನೇ ನೋಡಿ ನಗುತ್ತಿದ್ದಳು. ಬಾವಲಿಗಳ ನಡುವೆ, ಸಾವಿಲ್ಲದವಳ ಠೀವಿಯೆಲ್ಲ ಮರೆತು, ಎರಡು ಲೋಟದ ನಡುವೆ ಸಿಕ್ಕಿಬಿದ್ದವಳ ನಗು. ನೋಡುತ್ತ ನೋಡುತ್ತ ಮಗಳಿಗೆ ಏನೋ ಒತ್ತಿ ಬಂತು. ಅಳು ಅಂದುಕೊಂಡಳು. ಅದು ನಗುವಾಗಿತ್ತು. ಮಡಿಲಿನಿಂದ ಬಲಗೈ ತಾನಾಗಿಯೇ ಎದ್ದಿತು.

“ಅಕ್ಕಾ, ಕೈ.”

ಕೈ ಎದೆಯವರೆಗೆ ಬಂದು ನಿಂತಿತು. ಮಗಳು ಅದನ್ನು ಮಡಿಲಿಗೆ ಇಳಿಸಿ, ಅಂಗೈ ಮೇಲಾಗಿ ಇಟ್ಟು, ಬಾಯಿ ಮುಚ್ಚದೆ ನಕ್ಕಳು. ಗೂಬೆ ಬ್ರಷ್ಷನ್ನು ಬಣ್ಣಕ್ಕೆ ಅದ್ದಿದಳು. ಗೆರೆಯೊಳಗಿನ ಎರಡು ಪಾದವೂ ಅಲುಗಲಿಲ್ಲ.