ಗೋಡೌನಿನ ಮೂರನೆಯ ತೋಳು

ಬೆಂಗಳೂರಿನ ಆಸ್ಪತ್ರೆಯೊಂದು ಹೊಸ ರೋಬೋಟ್ ತರಿಸಿದ ಮೇಲೆ, ಅಲ್ಲಿ ಆಪರೇಷನ್‌ಗೆ ಬಳಸುತ್ತಿದ್ದ ಹಳೆಯದರ ಮೂರು ತೋಳುಗಳು ಗೋಡೌನಿನಲ್ಲಿ ಬಿದ್ದಿದ್ದವು. ಚಿಕ್ಕಬಳ್ಳಾಪುರದಲ್ಲಿ ಎಂ.ಟೆಕ್ ಮಾಡುತ್ತಿದ್ದ ನಾನು ಸಂಶೋಧನೆಗೆ ಒಂದು ಬೇಕೆಂದು ಏಳು ತಿಂಗಳು ಪತ್ರ ಬರೆದೆ. 2009ರ ಜೂನ್‌ನಲ್ಲಿ ಒಪ್ಪಿಗೆ ಬಂತು: ಒಂದೇ ತೋಳು, ಕರೆಂಟ್ ಕೊಟ್ಟು ನೋಡುವಂತಿಲ್ಲ, ಸಹಿ ಮಾಡಿದ ಮೇಲೆ ಬದಲಿಸುವಂತಿಲ್ಲ. ಕೆಟ್ಟದ್ದನ್ನು ಆರಿಸಿದರೆ ನನ್ನ ಪ್ರಾಜೆಕ್ಟ್ ಅಲ್ಲಿಗೆ ಮುಗಿದಂತೆ.

ಎತ್ತಲು ಇನ್ನೊಬ್ಬರು ಬೇಕೆಂದು ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮ ಮುನಿಗಂಗಮ್ಮ ಶಿಡ್ಲಘಟ್ಟದಲ್ಲಿ ಇಪ್ಪತ್ತು ವರ್ಷದಿಂದ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕೆಲಸದವಳು.  

ಗೋಡೌನ್ ನೋಡಿಕೊಳ್ಳುವ ಚೆನ್ನರಾಯಪ್ಪ ಚಿಂತಾಮಣಿ ಕಡೆಯವರು. "ಬೇಗ ಆರಿಸ್ಕೊಳ್ಳಮ್ಮಾ. ಮಿಕ್ಕಿದ್ದು ನಾಳೆ ಗುಜರಿಗೆ."

ನಾನು ಹೊಳೆಯುತ್ತಿದ್ದ ಮೊದಲನೆಯದನ್ನು ತೋರಿಸಿದೆ. ಅದರ ಮಣಿಕಟ್ಟನ್ನು ಆಡಿಸುವುದು ಉಕ್ಕಿನ ಸಣ್ಣ ಎಳೆಗಳು ಎಂದು ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಎಳೆ ಎಂದ ಕೂಡಲೇ ಅವಳು ಬಾಟಲಿಯ ನೀರಲ್ಲಿ ಬೆರಳು ನೆನೆಸಿಕೊಂಡು ಒಳಗೆ ತೂರಿಸಿದಳು. ಗೂಡು ಬೇಯುವ ಬಿಸಿನೀರಿನ ಮುಂದೆ ಕೂತು ಬಂದ ಅಭ್ಯಾಸ; ಎಳೆಯ ಬಿಗಿ ಅವಳಿಗೆ ಗೊತ್ತಾಗುವುದು ಒದ್ದೆ ಬೆರಳಿಗೇ.

"ಅಯ್ಯೋ, ಮುದ್ದೆ ಕಟ್ಟಕ್ಕೆ ಬಂದಿದ್ದೀಯೇನಮ್ಮಾ!" ಚೆನ್ನರಾಯಪ್ಪ ಕೂಗಿದರು. "ನೀರು ಬಿದ್ರೆ ಕೆಟ್ಟೋಗ್ತೈತೆ. ಇನ್ನ ಇದನ್ನೇ ತಗೊಂಡೋಗ್ಬೇಕು ನೀವು."

"ಇದು ಬ್ಯಾಡ. ಒಂದು ಎಳೆ ಸಡ್ಲ ಐತೆ."

"ಒದ್ದೆ ಮಾಡಿದ್ಯಾರು?"

"ಒಣಗಿಸಿ ಕೊಡ್ತೀನಿ ಕಣಪ್ಪ."

ಅಮ್ಮ ನೆಲದ ಮೇಲೆ ಕೂತು, ಸೆರಗಿನ ತುದಿ ಹೊಸೆದು ಸಂದುಗಳನ್ನು ಒರೆಸಿದಳು. ಆಮೇಲೆ ಮಣಿಕಟ್ಟನ್ನು ಫ್ಯಾನಿನ ಗಾಳಿಗೆ ತಿರುಗಿಸಿ ಹಿಡಿದಳು. ಕಾಲು ಗಂಟೆ. ಚೆನ್ನರಾಯಪ್ಪ ಎರಡು ಸಲ ಗಡಿಯಾರ ನೋಡಿದರು. ಕೊನೆಗೆ ತಾವೇ ಮುಟ್ಟಿ ನೋಡಿ, "ಸರಿ, ಬಿಡು" ಅಂದರು.

ಉಳಿದೆರಡನ್ನು ಅಮ್ಮ ಒಣ ಬೆರಳಲ್ಲೇ ನೋಡಿದಳು. ಎರಡನೆಯದನ್ನು ಬೇಡವೆಂದಳು. ಮೂರನೆಯದರ ಮೈತುಂಬ ಗೀರು. "ಎಲ್ಲಾ ಒಂದೇ ಸಮ ಎಳೀತಾವೆ. ಇದೇ ತಗೊ."

"ಒಣ ಬೆರಳಿಗೆ ಗೊತ್ತಾಗ್ತೈತಾ?" ಎಂದೆ.

"ಪೂರ್ತಿ ಗೊತ್ತಾಗಲ್ಲ."

ಸಹಿ ಮಾಡುವಾಗ ಮೊದಲನೆಯದರ ಕಡೆ ಇನ್ನೊಮ್ಮೆ ನೋಡಿದೆ. ಅಮ್ಮ ನನ್ನ ಕಡೆ ನೋಡಲಿಲ್ಲ. ಮೂರನೆಯದರ ನಂಬರ್ ಬರೆದೆ.

ಸೋಮವಾರ ಲ್ಯಾಬಿನಲ್ಲಿ ಕರೆಂಟ್ ಕೊಟ್ಟೆ. ಮಣಿಕಟ್ಟು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಮೇಲಕ್ಕೆ ಎದ್ದಿತು. ಅಮ್ಮನಿಗೆ ಫೋನ್ ಮಾಡಿದೆ.

"ನಡೀತೈತಮ್ಮಾ. ಕೆಳಕ್ಕೆ ಬಗ್ಗೋವಾಗ ಮಾತ್ರ ಒಂಚೂರು ತಡೀತೈತೆ."

ಆ ಕಡೆ ನೂಲು ಸುತ್ತುವ ರಾಟೆ ತಿರುಗುತ್ತಲೇ ಇತ್ತು.

"ನೀರು ಮುಟ್ಟಕ್ಕೆ ಬಿಟ್ಟಿದ್ರೆ ಅದೂ ಗೊತ್ತಾಗೋದು," ಅಂದಳು.