ಮೂರು ಇಕ್ಕಳ, ತೊಂಬತ್ತೊಂದು ಬಾಯಿ

೧೯೯೩ರ ಫೆಬ್ರವರಿಯಲ್ಲಿ, ಸಾದಲಿ ಕಡೆಯ ಒಂದು ಹಳ್ಳಿಯಲ್ಲಿ ಸೇವಾ ಸಂಘವೊಂದು ಇಟ್ಟ ಉಚಿತ ದಂತ ಶಿಬಿರದಲ್ಲಿ, ಒಂದೇ ದಿನ ತೊಂಬತ್ತೊಂದು ಜನರ ಹಲ್ಲು ಕಿತ್ತರು. ಇಕ್ಕಳ ಇದ್ದದ್ದು ಮೂರು. ಸೂಜಿ ಇದ್ದದ್ದು ನಾಲ್ಕು. ಒಬ್ಬರ ಬಾಯಿಂದ ತೆಗೆದ ಇಕ್ಕಳವನ್ನು ಡೆಟ್ಟಾಲ್ ನೀರಿನ ಮಗ್ಗಿನಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ, ಇನ್ನೊಬ್ಬರ ಬಾಯಿಗೆ ಇಟ್ಟರು. ಮುಂಗಾರು ಬರುವಷ್ಟರಲ್ಲಿ ಆ ಹಳ್ಳಿಯ ಹನ್ನೊಂದು ಜನರ ಕಣ್ಣು ಹಳದಿಯಾಯಿತು.

ಹಲ್ಲು ಕಿತ್ತವನು ಶಿಡ್ಲಘಟ್ಟದಲ್ಲಿ ಸಣ್ಣ ಕ್ಲಿನಿಕ್ ಇಟ್ಟಿದ್ದ ದಂತವೈದ್ಯ ಸಾದಿಕ್ ಪಾಷಾ. ಕೆಟ್ಟವನಲ್ಲ. ಅಂದು ನೀರು ಕುದಿಸಲು ಸ್ಟೌ ಕೇಳಿದ್ದ. ಸಂಘದವರು ಟೈಮಿಲ್ಲ ಎಂದರು, ಸುಮ್ಮನಾದ. ಆ ಸುಮ್ಮನಾದದ್ದೇ ಈಗ ಅವನನ್ನು ಹುರಿದು ಮುಕ್ಕುತ್ತಿತ್ತು. ಬೆಳಿಗ್ಗೆ ಎದ್ದೊಡನೆ ಕನ್ನಡಿಯಲ್ಲಿ ಕಣ್ಣು ನೋಡಿಕೊಳ್ಳುವನು. ದಿನಕ್ಕೆ ಮೂವತ್ತು ಸಲ ಕೈ ತೊಳೆದು ಅಂಗೈ ಬಿರಿದಿತ್ತು.

ಜುಲೈಯಲ್ಲಿ ಅವನ ಮಗಳಿಗೆ ಬೂಸ್ಟರ್ ಡೋಸು ಹಾಕಲು ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ರಾಮಲಕ್ಷ್ಮಮ್ಮ ಮನೆಗೇ ಬಂದಳು.

“ಮಗೂನ ಹಿಡ್ಕೊಳ್ಳೋಕೆ ಅವರಪ್ಪನ್ನ ಕರಿಯಮ್ಮ.”

“ಅವರು ಮಗೂನ ಮುಟ್ಟಿ ಐದು ತಿಂಗಳಾಯ್ತು ಅಕ್ಕಾ,” ಎಂದಳು ಹೆಂಡತಿ ಬಾನು. “ತಟ್ಟೆ ಬೇರೆ, ಲೋಟ ಬೇರೆ. ಕೇಳಿದ್ರೆ ಗೋಡೆ ನೋಡ್ತಾರೆ.”

ರಾಮಲಕ್ಷ್ಮಮ್ಮ ಒಳಗೆ ಕೂತಿದ್ದವನ ಬಿರಿದ ಅಂಗೈ ನೋಡಿದಳು. “ಸಾರ್, ನಮ್ಮತ್ತೆಗೆ ಹಲ್ಲು ನೋವು. ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು, ಮನೆ ಬಿಟ್ಟು ಬರಲ್ಲ ಅಂತಾರೆ. ನೀವೇ ಬಂದುಬಿಡಿ,” ಎಂದಳು.

ಅವಳ ಮನೆ ಸಾದಲಿ ದಾರಿಯಲ್ಲಿ. ಹಿತ್ತಲಲ್ಲಿ ರೇಷ್ಮೆ ಹುಳು ಸಾಕುವ ಮನೆ. ಅತ್ತೆ ಗಂಗುಲಮ್ಮ ಅದರೊಳಗೆ ಸೊಪ್ಪು ಹಾಕುತ್ತಿದ್ದಳು. ಸಾದಿಕ್ ಬ್ಯಾಗು ಹಿಡಿದು ನೇರ ನುಗ್ಗಿದ.

“ಅಲ್ಲೇ ನಿಲ್ಲು ನಾಯ್ನಾ!” ಮುದುಕಿ ಕೂಗಿದ ರಭಸಕ್ಕೆ ಅವನ ಒಂದು ಕಾಲು ಗಾಳಿಯಲ್ಲೇ ಉಳಿಯಿತು. “ಚಪ್ಪಲಿ ಬಿಡು. ಬ್ಲೀಚಿಂಗ್ ನೀರಲ್ಲಿ ಕಾಲಿಕ್ಕು. ಕೈ ತೊಳಿ.”

“ನಾನು ಡಾಕ್ಟ್ರಮ್ಮ.”

“ಡಾಕ್ಟ್ರಾದ್ರೇನು, ಡೀಸಿ ಆದ್ರೇನು? ಹೋದ ಬೆಳೇಲಿ ನಮ್ಮ ನಾದಿನಿ ಮಗ ಹಿಂಗೇ ನುಗ್ಗಿದ. ಹಾಲುರೋಗ ಹತ್ತಿ ಇಡೀ ಬೆಳೆ ಗುಂಡಿಗೆ ಸುರಿದ್ವಿ. ಸೀಕು ಹುಳ ಮುಟ್ಟಿದ ಕೈನ ತೊಳೀದೆ ಇನ್ನೊಂದು ಹುಳದ ತಟ್ಟೆ ಮುಟ್ಟಲ್ಲಪ್ಪ ನಾವು.”

ಸಾದಿಕ್ ಬ್ಲೀಚಿಂಗ್ ನೀರಿನಲ್ಲಿ ಎರಡೂ ಕಾಲಿಟ್ಟು ನಿಂತವನು ಅಲ್ಲೇ ಜಗುಲಿ ಮೇಲೆ ಕೂತುಬಿಟ್ಟ. ರಾಮಲಕ್ಷ್ಮಮ್ಮ ಪಕ್ಕದಲ್ಲಿ ಕೂತಳು.

“ಈಗ ಹೇಳಿ ಸಾರ್. ಶಿಬಿರ ಆದ ಹಳ್ಳೀಲಿ ಹನ್ನೊಂದು ಜನಕ್ಕೆ ಕಾಮಾಲೆ ಬಂದಿದ್ದು ನನಗೂ ಗೊತ್ತು. ಹುಳಕ್ಕಿರೋ ಮರ್ಯಾದೆ ಜನರ ಬಾಯಿಗೆ ಯಾಕಿಲ್ದೇ ಹೋಯ್ತು?”

ಅವನು ಹೇಳಿದ. ಮಗ್ಗು, ಬಟ್ಟೆ, ಮೂರು ಇಕ್ಕಳ, ಎಲ್ಲ ಹೇಳಿದ. “ನಲವತ್ತನೇದೋ ಐವತ್ತನೇದೋ, ಸೂಜಿ ನನ್ನ ಬೆರಳಿಗೂ ಚುಚ್ತು. ಬಟ್ಟೆ ಸುತ್ಕೊಂಡು ಮುಂದಿನವರನ್ನ ಕರೆದೆ. ಕಾಮಾಲೆ ನನಗೂ ಬಂದಿದ್ರೆ? ಆ ಹನ್ನೊಂದು ಜನಕ್ಕೆ ನಾನೇ ಕೊಟ್ಟಿದ್ರೆ?”

“ಯಾರ ಹತ್ರ ಹೇಳ್ಕೊಂಡ್ರಿ?”

“ಯಾರ ಹತ್ರ ಹೇಳ್ಲಿ? ಡಾಕ್ಟ್ರೇ ಹೆದರ್ತಾನೆ ಅಂದ್ರೆ ಯಾರು ಬಂದು ಬಾಯಿ ತೆಗೀತಾರೆ?”

“ಹೆದರಬೇಕಾದ್ದಕ್ಕೆ ಹೆದರಿದ್ದೀರಿ, ಅದು ತಪ್ಪಲ್ಲ. ಒಬ್ಬರೇ ನುಂಗ್ಕೊಂಡ್ರಲ್ಲ, ಅದು ತಪ್ಪು. ಚುಚ್ಚಿದ ತಕ್ಷಣ ಸೋಪು ಹಾಕಿ ತೊಳೆದು ದೊಡ್ಡಾಸ್ಪತ್ರೆಗೆ ಓಡಬೇಕಿತ್ತು. ಈಗಲಾದ್ರೂ ರಕ್ತ ಪರೀಕ್ಷೆ ಮಾಡಿಸಿ. ರೋಗ ಇಲ್ಲ ಅಂತ ಬಂದ್ರೆ ಲಸಿಕೆ ಇದೆ. ಮೂರು ಚುಚ್ಚು: ಮೊದಲನೇದು, ಒಂದು ತಿಂಗಳಾದ್ಮೇಲೆ ಎರಡನೇದು, ಮೊದಲನೇದಾಗಿ ಆರು ತಿಂಗಳಿಗೆ ಮೂರನೇದು. ರಕ್ತದಿಂದ ಹತ್ತೋ ಕಾಮಾಲೆ ಮಗೂನ ಎತ್ಕೊಂಡ್ರೆ ಹತ್ತಲ್ಲ, ಜೊತೇಲಿ ಉಂಡ್ರೆ ಹತ್ತಲ್ಲ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮಗೂನ ದೂರ ಇಟ್ಟಿದ್ದೀರಿ ಅಂದ್ರೆ ಮನಸ್ಸು ಬಳಲಿದೆ ಸಾರ್. ನಿದ್ದೆ ಬರ್ದಿದ್ರೆ ಅದಕ್ಕೂ ಡಾಕ್ಟ್ರಿದ್ದಾರೆ, ನಾಚ್ಕೊಬೇಡಿ.”

“ಪ್ರತಿ ಸಲ ಕುದಿಸ್ತಾ ಕೂತ್ರೆ ದಿನಕ್ಕೆ ಇಪ್ಪತ್ತು ಜನಾನೂ ಮುಗಿಯಲ್ಲ ಸಿಸ್ಟರ್.”

“ಇಪ್ಪತ್ತೇ ಆಗ್ಲಿ. ನಾನು ಮಕ್ಕಳಿಗೆ ಹಾಕೋ ಸೂಜಿ ಸಿರಿಂಜನ್ನ ದಿನಾ ಕುಕ್ಕರಲ್ಲಿ ಬೇಯಿಸ್ತೀನಿ. ಹೊರಗೆ ಮಕ್ಕಳು ಕಿರುಚ್ತಿದ್ರೂ ಬೇಯಿಸ್ತೀನಿ.”

ಒಳಗಿನಿಂದ ಗಂಗುಲಮ್ಮ ಬಂದಳು. “ನಿಮ್ಮ ಪಂಚಾಯ್ತಿ ಮುಗೀತಾ? ನನ್ನ ಹಲ್ಲು ನೋಡೋರು ಯಾರು? ಏ ಡಾಕ್ಟ್ರಪ್ಪ, ಆ ಇಕ್ಕಳ ಮೊದಲು ನಮ್ಮ ಒಲೆ ಮೇಲಿಡು. ನಿಮ್ಮ ಕಥೆ ಎಲ್ಲ ಕೇಳಿಸ್ತು ನನಗೆ!”

ಐದು ತಿಂಗಳಲ್ಲಿ ಮೊದಲ ಸಲ ಸಾದಿಕ್ ನಕ್ಕ.

ರಕ್ತದ ವರದಿ ಬರಲು ವಾರ ಹಿಡಿಯಿತು. ರೋಗವಿಲ್ಲ ಎಂದಿತ್ತು. ಅವನು ಅದನ್ನು ಮೂರನೇ ಸಲ ಓದುವಾಗ ಬಾನು ಮಗುವನ್ನು ತಂದು ಮಡಿಲಿಗೆ ಹಾಕಿ, “ತಗೊಳ್ಳಿ. ಇವಳಿಗೆ ನಿಮ್ಮ ರಿಪೋರ್ಟು ಓದೋಕೆ ಬರಲ್ಲ,” ಎಂದಳು.

ಮೊದಲ ಲಸಿಕೆ ಹಾಕಿಸಿಕೊಂಡ ಮೇಲೆ ಸಾದಿಕ್ ಆ ಹನ್ನೊಂದು ಜನರ ಮನೆಗೂ ಹೋದ. ರಾಮಲಕ್ಷ್ಮಮ್ಮ ಜೊತೆಗಿದ್ದಳು. ಕಾಮಾಲೆ ಶಿಬಿರದಿಂದಲೇ ಬಂತು ಎಂದು ಬರೆದುಕೊಡುವವರು ಯಾರೂ ಇರಲಿಲ್ಲ, ಅಲ್ಲವೆನ್ನುವವರೂ ಇರಲಿಲ್ಲ. ಅವನು ನಡೆದದ್ದನ್ನು ಹೇಳಿ, ಪರೀಕ್ಷೆಗೆ ಕಳಿಸುವ ಏರ್ಪಾಟು ಮಾಡಿದ. ಕೆಲವರು ಬೈದರು. ಬೈಸಿಕೊಂಡ. ಅವರಲ್ಲಿ ಬಯ್ಯಪ್ಪ ಎಂಬವನು ಕೂರಲು ಚಾಪೆಯನ್ನೂ ಹಾಕಲಿಲ್ಲ.

ಆಮೇಲೆ ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರಿನ ದಂತವೈದ್ಯರಿಗೆ ಕಾಗದ ಬರೆದ. ಬಂದವರು ಅವನ ಕ್ಲಿನಿಕ್ಕಿನಲ್ಲಿ ಟೀ ಕುಡಿಯುತ್ತಾ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬರಿಗೆ ಎರಡು ಸಲ ಸೂಜಿ ಚುಚ್ಚಿತ್ತು. ಇನ್ನೊಬ್ಬರು ವರ್ಷದಿಂದ ನಿದ್ದೆ ಮಾತ್ರೆ ನುಂಗುತ್ತಿದ್ದರು, ಹೆಂಡತಿಗೂ ಹೇಳದೆ. “ನಾನೊಬ್ಬನೇ ಪುಕ್ಕಲ ಅಂದ್ಕೊಂಡಿದ್ದೆ ಕಣ್ರೀ,” ಎಂದರು ಗೌರಿಬಿದನೂರಿನವರು. ತಿಂಗಳಿಗೊಮ್ಮೆ ಸೇರುವುದೆಂದಾಯಿತು.

ಡಿಸೆಂಬರಿನಲ್ಲಿ ಅದೇ ಸಂಘದವರು ನಗರಗೆರೆ ಕಡೆ ಇನ್ನೊಂದು ಶಿಬಿರ ಇಟ್ಟರು. ಹೆಬ್ಬಾಗಿಲಿಗೆ ಬ್ಯಾನರು, ಅಂಗಳದ ತುಂಬ ಜನ. ಸಾದಿಕ್ ಸ್ಟೌವನ್ನೂ ಕೈಗವಸನ್ನೂ ತಾನೇ ತಂದಿದ್ದ. ಸೂಜಿ ಒಬ್ಬರಿಗೊಂದು. ಇಕ್ಕಳಗಳು ಪಾತ್ರೆಯಲ್ಲಿ ಕುದಿಯುತ್ತಿದ್ದವು.

“ಇನ್ನೂ ಎಷ್ಟೊತ್ರೀ?” ಎಂದ ಸಂಘದ ಕೋನಪ್ಪ.

“ಕುದಿ ಬಂದ ಮೇಲೆ ಇಪ್ಪತ್ತು ನಿಮಿಷ.”

“ಬಿಟ್ಟಿ ಹಲ್ಲು ಕೀಳಿಸ್ಕೊಳ್ಳೋರಿಗೆ ಇಷ್ಟೆಲ್ಲಾನಾ? ಹೋದ ಸಲ ಡೆಟ್ಟಾಲ್‌ನಲ್ಲೇ ಆಗಲಿಲ್ವಾ?”

ಓದುತ್ತಿರುವ ಅಕ್ಕ, ಓದಿಸಿ ಕೇಳುತ್ತಿರುವ ಅಣ್ಣ, ಆ ಸಾಲಿನಲ್ಲಿ ನೀವೂ ಇದ್ದೀರಿ. ಬಿಟ್ಟಿ ಎಂದ ಮಾತ್ರಕ್ಕೆ ನಿಮ್ಮ ರಕ್ತ ಅಗ್ಗವಲ್ಲ. ಇಕ್ಕಳ ಕುದಿಸಿದ್ದೀರಾ, ಸೂಜಿ ಹೊಸದಾ, ಕೈಗವಸು ಬದಲಿಸಿದಿರಾ ಎಂದು ಬಾಯಿ ತೆರೆಯುವ ಮೊದಲೇ ಕೇಳಿ. ಕುದಿಸುವವರನ್ನು ಅವಸರ ಮಾಡಬೇಡಿ. ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಬಾಯಿ ನೋಡುವ ಡಾಕ್ಟರೇ, ನೀವು ಲಸಿಕೆ ಹಾಕಿಸಿಕೊಳ್ಳಿ, ಸೂಜಿ ಚುಚ್ಚಿದರೆ ಅಂದೇ ಹೇಳಿ, ಭಯವಾದರೆ ಜೊತೆಯವರಿಗೆ ಹೇಳಿ. ಲೆಕ್ಕ ತುಂಬಿಸಲು ಯಾರು ಆಜ್ಞೆ ಮಾಡಿದರೂ ಕೇಳಬೇಡಿ.

ಕೋನಪ್ಪ ಕೆನ್ನೆ ಊದಿದ್ದ ಆಂಜಿನಮ್ಮ ಎಂಬವಳನ್ನು ಸಾಲಿನಿಂದ ತಾನೇ ಎಳೆತಂದು ಕುರ್ಚಿಯಲ್ಲಿ ಕೂರಿಸಿದ. “ಫೋಟೋದವನು ಕಾಯ್ತಿದ್ದಾನೆ. ಒಂದೇ ಒಂದು ಹಲ್ಲು. ಹೇಳ್ದಂಗೆ ಕೇಳಿ ಡಾಕ್ಟ್ರೇ, ಅದ್ದಿ ಕಿತ್ತುಬಿಡಿ.”

ಸಾದಿಕ್ ಸ್ಟೌವಿನ ಪಕ್ಕದಿಂದ ಏಳಲಿಲ್ಲ.

“ಕೀಳಲ್ಲ ಕೋನಪ್ಪನವ್ರೇ,” ಎಂದ.